ನಾಟಕ ನೋಡಿದ ರಾತ್ರಿ ಓದಾಗಲ್ಲ, ಮನೆಗೆ ಹೇಳೋಕೆ ಭಯ. ಏನು ಮಾಡಲಿ?

ಪ್ರಶ್ನೆ: "ಮೇಡಂ, ನಾನು ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಕ್ಯಾಂಪಸ್‌ನಲ್ಲಿ ಎಂ.ಎಸ್ಸಿ. ಕೆಮಿಸ್ಟ್ರಿ ಮೊದಲನೇ ಸೆಮಿಸ್ಟರ್ ಓದ್ತಿದ್ದೀನಿ. ಊರು ಹಾಸನ ಜಿಲ್ಲೆಯ ಒಂದು ಹಳ್ಳಿ. ಇಲ್ಲಿ ಹಾಸ್ಟೆಲ್‌ನಲ್ಲಿದ್ದೀನಿ. ಬಂದ ಹೊಸದರಲ್ಲಿ ರೂಮ್‌ಮೇಟ್ ರಂಗಾಯಣದಲ್ಲಿ ಒಂದು ನಾಟಕ ತೋರಿಸಿದಳು. ಅವತ್ತಿನಿಂದ ಹೆಚ್ಚುಕಡಿಮೆ ಪ್ರತಿ ಭಾನುವಾರ ನಾಟಕಕ್ಕೆ ಹೋಗ್ತೀನಿ. ನಾಟಕ ನೋಡಿದ ರಾತ್ರಿ ಓದೋಕೆ ಆಗಲ್ಲ, ಎರಡು ಗಂಟೆಯಾದರೂ ನಿದ್ದೆ ಬರಲ್ಲ. ಸೆಮಿಸ್ಟರ್‌ನ ಮೊದಲ ಇಂಟರ್ನಲ್, ಅಂದರೆ ಸಿ1ನಲ್ಲಿ ಮಾರ್ಕ್ಸ್ ತುಂಬಾ ಕಡಿಮೆ ಬಂತು. ಅಪ್ಪ ಸಾಲ ಮಾಡಿ ಓದಿಸ್ತಿದ್ದಾರೆ. ಮನೆಯಿಂದ ಫೋನ್ ಬಂದರೆ ಲೈಬ್ರರಿಯಲ್ಲಿದ್ದೆ ಅಂತ ಸುಳ್ಳು ಹೇಳ್ತೀನಿ. ಅಪ್ಪ ಊರಿನ ಕುರುಕ್ಷೇತ್ರ ನಾಟಕದಲ್ಲಿ ಶಕುನಿ ಪಾತ್ರ ಮಾಡಿದವರು, ಆದರೆ ನನಗೆ ಮಾತ್ರ ಓದು ಬಿಟ್ಟು ಬೇರೇನೂ ಬೇಡ ಅಂತಾರೆ. ಒಂದು ಸಲ ಸಂಗೀತ ಕಚೇರಿಗೂ ಹೋಗಿದ್ದೆ. ಏನೂ ಅರ್ಥ ಆಗಲಿಲ್ಲ. ಎಲ್ಲರೂ ತಾಳ ಹಾಕ್ತಿದ್ದರು, ನಾನೊಬ್ಬಳು ದಡ್ಡಿ ಥರ ಕೂತಿದ್ದೆ. ಓದುವಾಗ ಹಾಡು ಹಾಕಿಕೊಂಡರೆ ಮೆದುಳು ಚುರುಕಾಗುತ್ತೆ ಅಂತ ಗೆಳತಿಯರು ಹೇಳ್ತಾರೆ, ನಿಜಾನಾ? ಈಗ ಒಂದು ಹವ್ಯಾಸಿ ತಂಡದವರು ಪಾತ್ರ ಮಾಡೋಕೆ ಕರೀತಿದ್ದಾರೆ. ನಲವತ್ತು ದಿನ ತಾಲೀಮು, ಸಂಜೆ ಆರರಿಂದ ಒಂಬತ್ತು. ಸೇರಲಾ? ಇಲ್ಲ, ಎಲ್ಲ ಬಿಟ್ಟು ಓದಿಕೊಂಡು ಇದ್ದುಬಿಡಲಾ?"

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಇಪ್ಪತ್ತೆರಡು ವರ್ಷದಿಂದ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೇನೆ, ಜೊತೆಗೆ ವಿದ್ಯಾರ್ಥಿಗಳ ಆಪ್ತಸಲಹೆ ಮತ್ತು ಕಾಲೇಜಿನ ನಾಟಕ, ಯುವಜನೋತ್ಸವದ ಕೆಲಸ. ಹಾಗಾಗಿ ಇಂಥ ಮಾತು ನನ್ನ ಕಿವಿಗೆ ಹೊಸದಲ್ಲ. ಹಳ್ಳಿಯಿಂದ ಬಂದು ಮೊದಲ ಸಲ ಒಂದು ಒಳ್ಳೆಯ ನಾಟಕ ನೋಡಿದ ಮಕ್ಕಳ ಮುಖದಲ್ಲಿ ಒಂದು ಬೆಳಕು ಇರುತ್ತೆ. ಅದೇ ಮಕ್ಕಳು ತಿಂಗಳಾಗುವ ಹೊತ್ತಿಗೆ ಏನೋ ಕದ್ದವರ ಹಾಗೆ ತಲೆ ತಗ್ಗಿಸಿಕೊಂಡು ಓಡಾಡುತ್ತಾರೆ. ನೀವು ಏನೂ ಕದ್ದಿಲ್ಲ. ಮೊದಲು ಅದನ್ನು ಮನಸ್ಸಿಗೆ ಹಾಕಿಕೊಳ್ಳಿ.

ನಿಮ್ಮ ಪತ್ರದಲ್ಲಿ ಮೂರು ವಿಷಯ ಗಂಟು ಬಿದ್ದಿವೆ. ಮಾರ್ಕ್ಸ್ ಕಡಿಮೆಯಾದದ್ದು, ಮನೆಗೆ ಸುಳ್ಳು ಹೇಳುತ್ತಿರುವುದು, ತಂಡ ಸೇರಬೇಕೋ ಬೇಡವೋ ಅನ್ನುವುದು. ಮೂರಕ್ಕೂ ನಾಟಕವೇ ಕಾರಣ ಅಂದುಕೊಂಡಿದ್ದೀರಿ. ಒಂದೊಂದಾಗಿ ಬಿಡಿಸೋಣ.

ಮಾರ್ಕ್ಸ್ ವಿಷಯಕ್ಕೆ ಒಂದು ಸಣ್ಣ ಲೆಕ್ಕ. ನಾಟಕ 6:30ಕ್ಕೆ ಶುರುವಾಗಿ ಎಂಟು, ಎಂಟೂವರೆಗೆ ಮುಗಿಯುತ್ತೆ ಅಂತಿಟ್ಟುಕೊಳ್ಳಿ. ರಂಗಾಯಣ ಇರೋದು ಕಲಾಮಂದಿರದ ಆವರಣದಲ್ಲಿ, ನಿಮ್ಮ ಕ್ಯಾಂಪಸ್‌ನಿಂದ ಹೆಚ್ಚು ದೂರವಿಲ್ಲ. ಹೋಗಿ ಬರೋದು ಸೇರಿ ಮೂರು ಗಂಟೆ. ವಾರಕ್ಕೆ 168 ಗಂಟೆ. ಅದರಲ್ಲಿ ಮೂರು ಗಂಟೆ ಅಂದರೆ ನೂರಕ್ಕೆ ಎರಡೂ ಇಲ್ಲ. ಇಷ್ಟು ಹೊತ್ತು ನಿಮ್ಮ ಸಿ1 ಮಾರ್ಕ್ಸನ್ನು ತಿಂದು ಹಾಕೋಕೆ ಸಾಧ್ಯವಿಲ್ಲ.

ಹಾಗಾದರೆ ತಿಂದಿದ್ದು ಯಾವುದು? ನನ್ನ ಹತ್ತಿರ ಬರುವವರಿಗೆ ನಾನು ಒಂದು ಕೆಲಸ ಕೊಡುತ್ತೇನೆ. ಒಂದು ಬಿಳಿ ಹಾಳೆ ತಗೊಂಡು, ಒಂದು ವಾರ, ಅರ್ಧ ಅರ್ಧ ಗಂಟೆಗೆ ಏನು ಮಾಡಿದೆ ಅಂತ ಬರೆಯಬೇಕು. ಯಾರಿಗೂ ತೋರಿಸೋದು ಬೇಡ. ಬರೆದವರಲ್ಲಿ ಹೆಚ್ಚಿನವರು ನಾಲ್ಕನೇ ದಿನಕ್ಕೇ ಓಡಿ ಬರುತ್ತಾರೆ, ಯಾಕೆಂದರೆ ರಾತ್ರಿ ಹನ್ನೊಂದರಿಂದ ಒಂದರವರೆಗಿನ ಸಾಲುಗಳಲ್ಲೆಲ್ಲ 'ಫೋನ್' ಅಂತಲೇ ಬರೆದಿರುತ್ತೆ. ನೀವೂ ಎರಡು ಗಂಟೆವರೆಗೆ ಎಚ್ಚರ ಇರ್ತೀನಿ ಅಂತ ಬರೆದಿದ್ದೀರಿ. ಆ ಎಚ್ಚರದಲ್ಲಿ ಏನು ಮಾಡುತ್ತಿದ್ದಿರಿ ಅಂತ ಬರೆದಿಲ್ಲ. ನನ್ನ ಅಂದಾಜು, ಸ್ವಲ್ಪ ಹೊತ್ತು ನಾಟಕದ ಗುಂಗು, ಸ್ವಲ್ಪ ಹೊತ್ತು ಪುಸ್ತಕ ಬಿಚ್ಚಿ ಮುಚ್ಚೋದು, ಆಮೇಲೆ ಛೇ ಇವತ್ತೂ ಓದಲಿಲ್ಲ ಅನ್ನುವ ಸಂಕಟ, ಆ ಸಂಕಟ ಮರೆಯೋಕೆ ರೀಲ್ಸ್. ಸೋಮವಾರ ಬೆಳಗಿನ ಮೊದಲ ಕ್ಲಾಸ್ ಅಲ್ಲಿಗೆ ಹೋಯಿತು. ನಾಟಕ ಮೂರು ಗಂಟೆ ತಗೊಂಡರೆ ಅದರ ಹಿಂದೆ ಬಂದ ಸಂಕಟ ಆರು ಗಂಟೆ ತಗೊಂಡಿದೆ.

ಇನ್ನೊಂದು ಕಾರಣವೂ ಇದೆ, ಅದು ನಿಮ್ಮೊಬ್ಬರದ್ದಲ್ಲ. ಬಿ.ಎಸ್ಸಿ.ಯಲ್ಲಿ ನೋಟ್ಸ್ ಇತ್ತು, ಮೇಷ್ಟ್ರು ಕನ್ನಡದಲ್ಲಿ ಇನ್ನೊಂದು ಸಲ ಹೇಳಿ ಅರ್ಥ ಮಾಡಿಸುತ್ತಿದ್ದರು. ಎಂ.ಎಸ್ಸಿ.ಗೆ ಬಂದ ತಕ್ಷಣ ದಪ್ಪ ದಪ್ಪ ಇಂಗ್ಲಿಷ್ ಪುಸ್ತಕ, ಸಂಜೆವರೆಗೆ ಲ್ಯಾಬ್, ಮೇಲೆ ರೆಕಾರ್ಡ್ ಬರೆಯೋದು. ಇನ್ನೂ ಉಸಿರು ಎಳೆದುಕೊಳ್ಳುವಷ್ಟರಲ್ಲಿ ಸಿ1 ಬಂದಿರುತ್ತೆ. ಮೊದಲ ಸೆಮಿಸ್ಟರ್‌ನ ಸಿ1ನಲ್ಲಿ ಎಡವಿದವರನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಅವರಲ್ಲಿ ನಾಟಕದ ಮುಖವನ್ನೇ ನೋಡದವರೂ ಬೇಕಾದಷ್ಟು ಜನ ಇರುತ್ತಾರೆ. ಇದಕ್ಕೆ ಮದ್ದು ಬೇರೆ. ನಿಮ್ಮ ಉತ್ತರ ಪತ್ರಿಕೆ ಕೇಳಿ ತಗೊಂಡು ಎಲ್ಲಿ ಮಾರ್ಕ್ಸ್ ಹೋಯಿತು ಅಂತ ಆ ಪೇಪರ್‌ನ ಮೇಷ್ಟ್ರ ಹತ್ತಿರವೇ ಹತ್ತು ನಿಮಿಷ ಕೂತು ಕೇಳಿ. ಗೊತ್ತಿದ್ದೂ ಇಂಗ್ಲಿಷ್‌ನಲ್ಲಿ ಬರೆಯೋಕಾಗದೆ ಹೋಗಿದ್ದಾ, ಗೊತ್ತೇ ಇಲ್ಲದೆ ಹೋಗಿದ್ದಾ ಅನ್ನೋದು ಅಲ್ಲೇ ತಿಳಿಯುತ್ತೆ. ಎರಡಕ್ಕೂ ಮಾಡಬೇಕಾದ ಕೆಲಸ ಬೇರೆ ಬೇರೆ.

ಇನ್ನು ಓದುವಾಗ ಹಾಡು. ಈ ನಂಬಿಕೆಗೆ ಒಂದು ಮೂಲ ಇದೆ. 1993ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಸಂಶೋಧಕರು ಕೇವಲ 36 ಕಾಲೇಜು ವಿದ್ಯಾರ್ಥಿಗಳಿಗೆ ಮೋಟ್ಸಾರ್ಟ್‌ನ ಸಂಗೀತ ಹತ್ತು ನಿಮಿಷ ಕೇಳಿಸಿ, ಆಕಾರಗಳನ್ನು ಮನಸ್ಸಿನಲ್ಲೇ ಜೋಡಿಸುವಂಥ ಒಂದು ಪರೀಕ್ಷೆ ಕೊಟ್ಟಿದ್ದರು. ಕೇಳಿದವರು ಸ್ವಲ್ಪ ಚೆನ್ನಾಗಿ ಮಾಡಿದರು. ಆ ಚುರುಕು ಇದ್ದದ್ದು ಹತ್ತು ಹದಿನೈದು ನಿಮಿಷ ಅಷ್ಟೆ. ಅದು ಊರೂರು ಸುತ್ತಿ 'ಸಂಗೀತ ಕೇಳಿದರೆ ಬುದ್ಧಿ ಬೆಳೆಯುತ್ತೆ' ಅಂತ ಆಗಿಬಿಟ್ಟಿತು. ನಿಜ ಸಂಗತಿ ಏನೆಂದರೆ, ಮಾತಿರುವ ಹಾಡು ಹಾಕಿಕೊಂಡು ಪಾಠ ಓದಿದರೆ ಹಾಡಿನ ಮಾತೂ ಪುಸ್ತಕದ ಮಾತೂ ಒಂದೇ ಬಾಗಿಲಲ್ಲಿ ನುಗ್ಗೋಕೆ ನೋಡುತ್ತವೆ, ಓದಿದ್ದು ತಲೆಗೆ ಹತ್ತೋದು ಕಮ್ಮಿಯಾಗುತ್ತೆ. ರೆಕಾರ್ಡ್‌ಗೆ ಗೆರೆ ಹಾಕುವಾಗ, ಬಟ್ಟೆ ಮಡಚುವಾಗ ಹಾಡು ಇರಲಿ. ರಿಯಾಕ್ಷನ್ ಮೆಕ್ಯಾನಿಸಂ ಓದುವಾಗ ಬೇಡ. ಹಾಡನ್ನು ಹಾಡಿಗಾಗಿ ಕೇಳಿ, ಅದಕ್ಕೆ ಇನ್ನೊಂದು ಉಪಯೋಗ ಹುಡುಕೋದು ಯಾಕೆ?

ನಾಟಕ, ಸಂಗೀತದಿಂದ ಮಾರ್ಕ್ಸ್ ಜಾಸ್ತಿ ಆಗುತ್ತೆ ಅಂತ ನಾನು ಹೇಳಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಮೂರು ಸಾವಿರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿ ಒಂದು ವರದಿ ಕೊಟ್ಟಿತು. ಕಲೆಯ ಒಡನಾಟದಿಂದ ಮನಸ್ಸಿಗೂ ಆರೋಗ್ಯಕ್ಕೂ ಒಳ್ಳೆಯದಾಗುತ್ತೆ ಅಂತ ಅದು ಹೇಳಿತು. ನನಗೆ ಅಷ್ಟು ಸಾಕು. ಸೈನ್ಸ್ ಓದುವವರಿಗೆ ಇದೆಲ್ಲ ಸಲ್ಲದು ಅಂತ ಯಾರಾದರೂ ಅಂದರೆ ನಮ್ಮ ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ಅಣು ವಿಜ್ಞಾನಿ ರಾಜಾ ರಾಮಣ್ಣ ಅವರ ಹೆಸರು ಹೇಳಿ. 1974ರ ಪೋಖ್ರಾನ್ ಅಣು ಪರೀಕ್ಷೆಯ ಹಿಂದೆ ಇದ್ದವರು ಅವರು, ಪಿಯಾನೊವನ್ನು ಕಚೇರಿ ಕೊಡುವಷ್ಟು ಚೆನ್ನಾಗಿ ನುಡಿಸುತ್ತಿದ್ದರು. ಗಿರೀಶ ಕಾರ್ನಾಡರು ಧಾರವಾಡದಲ್ಲಿ ಡಿಗ್ರಿ ಮಾಡಿದ್ದು ಗಣಿತ ಮತ್ತು ಸಂಖ್ಯಾಶಾಸ್ತ್ರದಲ್ಲಿ.

ಈಗ ನೋಡುವ ವಿಷಯ. ನೋಡೋದನ್ನು ಬಿಡಬೇಡಿ, ಆದರೆ ನೋಡುವ ರೀತಿ ಸ್ವಲ್ಪ ಬದಲಾಗಲಿ. ನಾಟಕ ಇರುವ ರಾತ್ರಿಗೆ ಓದು ಅಂತ ಇಟ್ಟುಕೊಳ್ಳಲೇಬೇಡಿ. ಭಾನುವಾರದ ಓದು ಬೆಳಗ್ಗೆ ತಿಂಡಿ ಆದಮೇಲೆ ಕೂತು ಮಧ್ಯಾಹ್ನದೊಳಗೆ ಮುಗಿದಿರಲಿ. ಆಗ ರಂಗಾಯಣದ ಭೂಮಿಗೀತ ರಂಗಮಂದಿರದಲ್ಲಿ ಮೂರನೇ ಬೆಲ್ ಹೊಡೆದು, ಲೈಟು ಒಂದೊಂದಾಗಿ ಆರಿ, ಕತ್ತಲಲ್ಲಿ ಯಾರೋ ಹೆಜ್ಜೆ ಇಟ್ಟು ಬಂದು ನಿಲ್ಲುವ ಸದ್ದು ಕೇಳುತ್ತಲ್ಲ, ಆ ಗಳಿಗೆಯಲ್ಲಿ ನಿಮ್ಮ ತಲೆಯಲ್ಲಿ ಕೆಮಿಸ್ಟ್ರಿ ಇರಲ್ಲ. ಪೂರ್ತಿ ಅಲ್ಲೇ ಇರುತ್ತೀರಿ. ವಾಪಸ್ ಬಂದಮೇಲೆ ಫೋನ್ ಮುಟ್ಟದೆ ಒಂದು ನೋಟ್‌ಬುಕ್‌ನಲ್ಲಿ ಅರ್ಧ ಪುಟ ಬರೆಯಿರಿ. ಯಾವ ದೃಶ್ಯ ಕಾಡಿತು, ಯಾವ ಮಾತು ನೆನಪಿದೆ, ಎಲ್ಲಿ ಬೇಜಾರಾಯಿತು. ತಲೆಯಲ್ಲಿ ಸುತ್ತುತ್ತಿರೋದು ಕಾಗದಕ್ಕೆ ಇಳಿದರೆ ನಿದ್ದೆ ಬರುತ್ತೆ. ಇದನ್ನು ನಾನು ಎಷ್ಟೋ ಮಕ್ಕಳ ಕೈಲಿ ಮಾಡಿಸಿ ನೋಡಿದ್ದೇನೆ. ಎರಡನೇ ಇಂಟರ್ನಲ್ ಸಿ2, ಸೆಮಿಸ್ಟರ್ ಕೊನೆಯ ಪರೀಕ್ಷೆ ಸಿ3 ಹತ್ತಿರ ಬಂದಾಗ ಎರಡು ಮೂರು ಭಾನುವಾರ ಬಿಟ್ಟರೆ ಏನೂ ನಷ್ಟವಿಲ್ಲ. 1989ರಲ್ಲಿ ಬಿ.ವಿ. ಕಾರಂತರ ಕೈಯಲ್ಲಿ ಶುರುವಾದ ರಂಗಾಯಣ ಪರೀಕ್ಷೆ ಮುಗಿದ ಮೇಲೂ ಅಲ್ಲೇ ಇರುತ್ತೆ.

ದುಡ್ಡಿನ ವಿಷಯದಲ್ಲಿ ನೀವು ಮೈಸೂರಿನಲ್ಲಿ ಇರೋದೇ ಒಂದು ಅದೃಷ್ಟ. ರಂಗಾಯಣದ ಟಿಕೆಟ್ ಸಾಮಾನ್ಯವಾಗಿ ನೂರು ರೂಪಾಯಿಯ ಆಚೀಚೆ. ದಸರಾದಲ್ಲಿ ಅರಮನೆ ಮುಂದಿನ ಕಾರ್ಯಕ್ರಮಕ್ಕೆ ಕಾಸು ಕೊಡಬೇಕಿಲ್ಲ. ದಸರಾದ್ದೇ ಭಾಗವಾದ, ಕಾಲೇಜು ಮಕ್ಕಳ ಯುವ ಸಂಭ್ರಮ ನಿಮ್ಮ ಕ್ಯಾಂಪಸ್‌ನ ಬಯಲು ರಂಗಮಂದಿರದಲ್ಲೇ ನಡೆಯುತ್ತೆ. ಜಯಲಕ್ಷ್ಮೀವಿಲಾಸದ ಜಾನಪದ ವಸ್ತುಸಂಗ್ರಹಾಲಯ ನೋಡಿದ್ದೀರಾ? ಇಲ್ಲ ಅಂದರೆ, ತೆರೆದಿದೆಯಾ ಅಂತ ವಿಚಾರಿಸಿಕೊಂಡು ಲ್ಯಾಬ್ ಇಲ್ಲದ ಒಂದು ಮಧ್ಯಾಹ್ನ ಹೋಗಿ ಬನ್ನಿ, ನಿಮ್ಮ ಅಜ್ಜಿ ಮನೆಯ ಎಷ್ಟೋ ಸಾಮಾನು ಅಲ್ಲಿ ಗುರುತು ಸಿಗುತ್ತೆ.

ಬೆಂಗಳೂರಿನ ರಂಗಶಂಕರ ರಂಗಮಂದಿರದಲ್ಲಿ ನಾಟಕ ನೋಡುವ ಆಸೆಯೂ ಇವತ್ತಲ್ಲ ನಾಳೆ ಹುಟ್ಟೇ ಹುಟ್ಟುತ್ತೆ, ಹಾಗಾಗಿ ಈಗಲೇ ಹೇಳಿಬಿಡುತ್ತೇನೆ. ಬಸ್ ಖರ್ಚು ತೊಂದರೆಯಿಲ್ಲ, 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ರಾಜ್ಯದ ಹೆಣ್ಣುಮಕ್ಕಳು ಟಿಕೆಟ್‌ಗೆ ದುಡ್ಡು ಕೊಡಬೇಕಿಲ್ಲ. ತೊಂದರೆ ಇರೋದು ವಾಪಸ್ ಬರೋದರಲ್ಲಿ. ಅಲ್ಲಿ ಸಂಜೆಯ ನಾಟಕ 7:30ಕ್ಕೆ. ಮುಗಿಸಿಕೊಂಡು ಮೈಸೂರು ಮುಟ್ಟುವಾಗ ಮಧ್ಯರಾತ್ರಿ ದಾಟಿರುತ್ತೆ. ಅಲ್ಲಿ ನೆಂಟರ ಮನೆ ಇದ್ದರೆ ಸರಿ. ಇಲ್ಲದಿದ್ದರೆ ಭಾನುವಾರ ಮಧ್ಯಾಹ್ನ 3:30ರ ಪ್ರದರ್ಶನ ಇದ್ದಾಗ ಮಾತ್ರ ಹೊರಡಿ, ಅರ್ಧ ಗಂಟೆ ಮುಂಚೆ ತಲುಪಿ. ನಾಟಕ ಶುರುವಾದ ಮೇಲೆ ಅಲ್ಲಿ ಯಾರನ್ನೂ ಒಳಗೆ ಬಿಡಲ್ಲ.

ಹಾಸ್ಟೆಲ್ ಗೇಟಿನ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿ. ಬೇರೆಯವರ ಕೈಲಿ ರಿಜಿಸ್ಟರ್‌ನಲ್ಲಿ ಸಹಿ ಹಾಕಿಸೋದು, ಊರಿಗೆ ಹೋಗ್ತೀನಿ ಅಂತ ಬರೆದು ನಾಟಕಕ್ಕೆ ಹೋಗೋದು ಬೇಡ. ಏನಾದರೂ ಹೆಚ್ಚುಕಡಿಮೆ ಆದರೆ ನೀವು ಎಲ್ಲಿದ್ದೀರಿ ಅಂತ ಒಬ್ಬರಿಗೂ ಗೊತ್ತಿರಲ್ಲ. ನಾಲ್ಕು ಜನ ಹುಡುಗಿಯರು ಸೇರಿ, ಯಾವ ನಾಟಕ, ಎಲ್ಲಿ, ಎಷ್ಟು ಹೊತ್ತಿಗೆ ಮುಗಿಯುತ್ತೆ ಅಂತ ಬರೆದು ವಾರ್ಡನ್‌ಗೆ ಮುಂಚೆಯೇ ಕೊಡಿ. ಒಟ್ಟಿಗೆ ಹೋಗಿ ಒಟ್ಟಿಗೆ ಬರ್ತೀವಿ ಅಂದರೆ ಹೆಚ್ಚಿನ ವಾರ್ಡನ್‌ಗಳು ಒಪ್ಪುತ್ತಾರೆ. ಒಪ್ಪದಿದ್ದರೆ ನಿಮ್ಮ ವಿಭಾಗದ ಮೇಡಂ ಒಬ್ಬರಿಂದ ಒಂದು ಮಾತು ಹೇಳಿಸಿ.

ಕಚೇರಿಯಲ್ಲಿ ದಡ್ಡಿ ಥರ ಕೂತಿದ್ದೆ ಅಂದಿರಲ್ಲ, ಆ ಸಾಲು ಓದಿ ನನಗೆ ನಿಜವಾಗಿ ಬೇಸರವಾಯಿತು. ತಾಳ ಹಾಕುವವರೆಲ್ಲ ಹುಟ್ಟುವಾಗಲೇ ಕಲಿತು ಬಂದವರಲ್ಲ. ಇಲ್ಲಿಯೇ ಒಂದು ಕಲಿಯಿರಿ. ಬಲಗೈಯಿಂದ ತೊಡೆಯ ಮೇಲೆ ಒಂದು ತಟ್ಟು. ಆಮೇಲೆ ಕಿರುಬೆರಳು, ಉಂಗುರದ ಬೆರಳು, ನಡುಬೆರಳು. ಅಲ್ಲಿಗೆ ನಾಲ್ಕು. ಮತ್ತೆ ಒಂದು ತಟ್ಟಿ ಅಂಗೈ ಮೇಲೆ ಮಾಡಿ, ಇನ್ನೊಂದು ಸಲ ತಟ್ಟಿ ಅಂಗೈ ಮೇಲೆ ಮಾಡಿ. ಎಂಟಾಯಿತು. ಇದು ಆದಿತಾಳ. ಕಚೇರಿಯಲ್ಲಿ ಅತಿ ಹೆಚ್ಚು ಕೇಳಿಬರೋದು ಇದೇ. ಗಾಯಕರ ಕೈಯನ್ನೇ ನೋಡುತ್ತಾ ಇದನ್ನು ಹಾಕಿ. ತಪ್ಪಿದರೆ ಮುಂದಿನ ತಟ್ಟಿಗೆ ಸೇರಿಕೊಳ್ಳಿ, ಯಾರೂ ನಿಮ್ಮ ಕೈ ನೋಡುತ್ತಿರಲ್ಲ. ಮೂರು ಗಂಟೆ ಕೂರಲೇಬೇಕು ಅಂತಲೂ ಇಲ್ಲ. ಕಚೇರಿಯಲ್ಲಿ ಮೊದಲು ವರ್ಣ, ಸಣ್ಣ ಕೃತಿಗಳು, ಆಮೇಲೆ ದೊಡ್ಡ ಕೃತಿ, ಅದರ ಕೊನೆಗೆ ಮೃದಂಗದವರ ತನಿ ಆವರ್ತನ, ಅಂದರೆ ಹಾಡು ನಿಂತು ತಾಳವಾದ್ಯ ಮಾತ್ರ ನುಡಿಯುವ ಭಾಗ. ಅದು ಮುಗಿದ ಮೇಲೆ ದೇವರನಾಮಗಳು ಬರುತ್ತವೆ. ನೀವು ಆ ಕೊನೆಯ ಮುಕ್ಕಾಲು ಗಂಟೆಯಿಂದ ಶುರು ಮಾಡಿ. ಪುರಂದರದಾಸರ ಪದ ನಿಮಗೆ ಹೊಸದೇನಲ್ಲ, ಶಾಲೆಯಲ್ಲೋ ಊರಿನ ಭಜನೆಯಲ್ಲೋ ಕೇಳಿರುತ್ತೀರಿ. ಗೊತ್ತಿರುವ ಮಾತಿನ ಕೈ ಹಿಡಿದು ಒಳಗೆ ಹೋದರೆ ಗೊತ್ತಿಲ್ಲದ ರಾಗವೂ ಹತ್ತಿರವಾಗುತ್ತೆ. ಗಣೇಶನ ಹಬ್ಬದ ಹೊತ್ತಿಗೆ ವಿ.ವಿ. ಮೊಹಲ್ಲಾದ ಎಂಟನೇ ಕ್ರಾಸ್‌ಗೆ ಹೋಗಿ. ರಸ್ತೆಗೇ ಪೆಂಡಾಲ್ ಹಾಕಿ, ಕುರ್ಚಿ ಜೋಡಿಸಿ, ದೊಡ್ಡ ದೊಡ್ಡ ವಿದ್ವಾಂಸರ ಕಚೇರಿ ಮಾಡುತ್ತಾರೆ, ಟಿಕೆಟ್ ಇಲ್ಲ. ಹಿಂದೆ ನಿಂತು ಎರಡು ಹಾಡು ಕೇಳಿಕೊಂಡು ಹೊರಟರೂ ಯಾರೂ ಏನೂ ಅಂದುಕೊಳ್ಳಲ್ಲ. ಎದ್ದು ಹೋಗುವುದಾದರೆ ಹಾಡು ಮುಗಿದ ಮೇಲೆ ಹೋಗಿ, ತನಿ ಶುರುವಾದಾಗ ಮಾತ್ರ ಏಳಬೇಡಿ. ಮೃದಂಗದವರು ಇಡೀ ಸಂಜೆ ಕಾದಿರೋದು ಆ ಹದಿನೈದು ನಿಮಿಷಕ್ಕೆ.

ಇನ್ನು ಅಪ್ಪ. ನಿಮ್ಮ ಪತ್ರದಲ್ಲಿ ನನಗೆ ತುಂಬಾ ಹಿಡಿಸಿದ್ದು ಆ ಶಕುನಿಯ ಮಾತು. ನಿಮ್ಮ ಕಡೆ ಕುರುಕ್ಷೇತ್ರ ನಾಟಕ ಅಂದರೆ ಸುಮ್ನೆ ಆಗುತ್ತಾ? ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ ತಿಂಗಳುಗಟ್ಟಲೆ ಪದ್ಯ ಕಲಿಯಬೇಕು, ಯಾವ ಪಾತ್ರಕ್ಕೆ ಎಷ್ಟು ಅಂತ ಪಾತ್ರಧಾರಿಗಳೇ ಕೈಯಿಂದ ದುಡ್ಡು ಹಾಕಬೇಕು, ರಾತ್ರಿ ಶುರುವಾದದ್ದು ಮುಗಿಯುವಾಗ ಬೆಳಕು ಹರಿದಿರುತ್ತೆ. ನಿಮ್ಮ ಅಪ್ಪ ಅಷ್ಟೆಲ್ಲ ಮಾಡಿದವರು. ನಾಟಕ ಅಂದರೆ ಅವರಿಗೆ ತಿರಸ್ಕಾರ ಇರೋಕೆ ಸಾಧ್ಯವೇ ಇಲ್ಲ. ಅವರಿಗೆ ಇರೋದು ಸಾಲದ ಭಯ, ನೀವು ಊರು ಬಿಟ್ಟು ದೂರ ಇದ್ದೀರಿ ಅನ್ನುವ ಭಯ. ಸುಳ್ಳಿನಿಂದ ಆ ಎರಡೂ ಭಯ ಹೋಗಲ್ಲ. ನಾಳೆ ಬೇರೆ ಯಾರ ಬಾಯಿಂದಲೋ ಗೊತ್ತಾದರೆ ನಾಟಕಕ್ಕಿಂತ ಲೈಬ್ರರಿ ಅಂದದ್ದೇ ಅವರಿಗೆ ಜಾಸ್ತಿ ನೋವು ಕೊಡುತ್ತೆ.

ಫೋನಿನಲ್ಲಿ ಹೇಳಬೇಡಿ. ಊರಿಗೆ ಹೋದಾಗ, ಅಪ್ಪ ಊಟ ಮುಗಿಸಿ ಜಗಲಿ ಮೇಲೆ ಕೂತಿರುವ ಹೊತ್ತು ನೋಡಿ, ಮೊದಲು ಸಿ1 ಮಾರ್ಕ್ಸ್ ಹೇಳಿ. ಯಾಕೆ ಕಡಿಮೆಯಾಯಿತು, ಸಿ2ಗೆ ಏನು ಮಾಡ್ತಿದ್ದೀನಿ ಅಂತ ಹೇಳಿ. ಆಮೇಲೆ ನಾಟಕದ ಮಾತು. ಲೈಬ್ರರಿಯಲ್ಲಿದ್ದೆ ಅಂದದ್ದು ಸುಳ್ಳು ಅಂತಲೂ ಆಗಲೇ ಹೇಳಿಬಿಡಿ. ಬೈಯಬಹುದು, ಎರಡು ದಿನ ಮಾತು ಬಿಡಬಹುದು. ಅದಕ್ಕೆ ತಯಾರಾಗಿ ಹೋಗಿ. ಅವರ ಸಿಟ್ಟು ಇಳಿದ ಮೇಲೆ ಶಕುನಿಯ ಒಂದು ಪದ್ಯ ಹೇಳಿಕೊಡಿ ಅಂತ ಕೇಳಿ ನೋಡಿ. ಹಾಗೆ ಕೇಳಿದ ಒಬ್ಬ ಹುಡುಗ ನನಗೆ ಗೊತ್ತು, ಅವರಪ್ಪ ಅಟ್ಟದಿಂದ ಹಳೇ ಪದ್ಯದ ಪುಸ್ತಕ ಇಳಿಸಿಕೊಂಡು ಬಂದು ರಾತ್ರಿ ಹನ್ನೆರಡರವರೆಗೆ ಹಾಡಿದರಂತೆ.

ಕೊನೆಯದಾಗಿ ತಂಡ. ಇಲ್ಲಿ ಮಾತ್ರ ನಾನು ನಿಮ್ಮನ್ನು ಸ್ವಲ್ಪ ತಡೆಯುತ್ತೇನೆ. ನಾಟಕ ನೋಡೋದು ಬೇರೆ, ಮಾಡೋದು ಬೇರೆ. ಹದಿನಾರು ವಾರದ ಸೆಮಿಸ್ಟರ್‌ನಲ್ಲಿ ಒಂದು ಭಾನುವಾರವೂ ಬಿಡದೆ ನೋಡಿದರೂ 48 ಗಂಟೆ. ನಲವತ್ತು ದಿನ, ದಿನಕ್ಕೆ ಮೂರು ಗಂಟೆ ತಾಲೀಮು ಅಂದರೆ 120 ಗಂಟೆ. ಇದು ಅವರು ಹೇಳಿದ ಲೆಕ್ಕ. ಕೊನೆಯ ವಾರ ಲೈಟು, ಸೆಟ್ಟು, ವೇಷ ಅಂತ ಒಂಬತ್ತಕ್ಕೆ ಬಿಟ್ಟ ತಾಲೀಮನ್ನು ನಾನಂತೂ ನೋಡಿಲ್ಲ. ಪಾತ್ರ ಒಪ್ಪಿಕೊಂಡ ಮೇಲೆ ಪರೀಕ್ಷೆ ಬಂತು ಅಂತ ನಡುವೆ ಬಿಟ್ಟು ಬರೋಕೂ ಆಗಲ್ಲ, ಹತ್ತು ಹದಿನೈದು ಜನರ ದುಡಿಮೆ ನಿಮ್ಮ ಮೇಲೆ ನಿಂತಿರುತ್ತೆ. ನನ್ನ ಒಬ್ಬ ವಿದ್ಯಾರ್ಥಿ, ತುಂಬಾ ಒಳ್ಳೆಯ ನಟ, ತಾಲೀಮಿನ ಸುಸ್ತಿಗೆ ಬೆಳಗಿನ ಕ್ಲಾಸು ತಪ್ಪಿಸುತ್ತಾ ತಪ್ಪಿಸುತ್ತಾ ಶೇಕಡಾ 75ರ ಹಾಜರಾತಿ ಸಾಲದೆ ಪರೀಕ್ಷೆಗೇ ಕೂರೋಕಾಗಲಿಲ್ಲ. ನಾಟಕ ಚೆನ್ನಾಗಿ ಬಂತು. ಚಪ್ಪಾಳೆ ಹೊಡೆದವರಲ್ಲಿ ನಾನೂ ಇದ್ದೆ. ಅವನು ನನ್ನ ಹತ್ತಿರ ಮೊದಲೇ ಬಂದಿದ್ದರೆ ಅಂತ ಈಗಲೂ ಅನ್ನಿಸುತ್ತೆ.

ಹಾಗಂತ ಬಾಗಿಲು ಹಾಕಿಕೊಳ್ಳಿ ಅನ್ನುತ್ತಿಲ್ಲ. ಈ ಸೆಮಿಸ್ಟರ್‌ನಲ್ಲಿ ಪಾತ್ರ ಬೇಡ, ನೇಪಥ್ಯದ ಕೆಲಸ ಕೊಡಿ ಅಂತ ಆ ತಂಡದವರನ್ನೇ ಕೇಳಿ. ರಂಗಪರಿಕರ ನೋಡಿಕೊಳ್ಳೋದು, ಟಿಕೆಟ್ ಕೌಂಟರ್, ಲೈಟಿನವರ ಪಕ್ಕ ನಿಂತು ಕಲಿಯೋದು. ಇದಕ್ಕೆ ಕೊನೆಯ ಒಂದು ವಾರ ಸಾಕು, ನಾಟಕ ಒಳಗಿನಿಂದ ಹೇಗೆ ಕಟ್ಟಿಕೊಳ್ಳುತ್ತೆ ಅಂತ ಕಣ್ಣಾರೆ ನೋಡುತ್ತೀರಿ. ಅದೇ ವಾರದಲ್ಲಿ ಪರೀಕ್ಷೆ ಇದ್ದರೆ ಅದೂ ಬೇಡ. ನಟನೆಯೇ ಬೇಕು ಅಂದರೆ ವಿಶ್ವವಿದ್ಯಾಲಯದ ಯುವಜನೋತ್ಸವ ಇದೆ. ಅಂತರ ವಿಶ್ವವಿದ್ಯಾಲಯ ಮಟ್ಟದ ನಿಯಮದಲ್ಲಿ ಮೂಕಾಭಿನಯಕ್ಕೆ ಐದು ನಿಮಿಷ, ಪ್ರಹಸನಕ್ಕೆ ಹತ್ತು, ಏಕಾಂಕಕ್ಕೆ ಮೂವತ್ತು ನಿಮಿಷ. ಐದು ಹತ್ತು ನಿಮಿಷದ್ದಕ್ಕೆ ಎರಡು ವಾರದ ತಾಲೀಮು ಸಾಕಾಗುತ್ತೆ, ವಿಶ್ವವಿದ್ಯಾಲಯದ ಪರವಾಗಿಯೇ ಹೋಗೋದರಿಂದ ಹಾಜರಾತಿಯ ಮಾತನ್ನೂ ಮುಂಚೆಯೇ ವಿಭಾಗದಲ್ಲಿ ಆಡಿಕೊಳ್ಳಬಹುದು. ದೊಡ್ಡ ಪಾತ್ರವನ್ನು ಎರಡನೇ ಸೆಮಿಸ್ಟರ್ ಮುಗಿದ ಮೇಲಿನ ರಜೆಗೆ ಇಟ್ಟುಕೊಳ್ಳಿ. ಎಂ.ಎಸ್ಸಿ. ಮುಗಿದ ಮೇಲೂ ಈ ಆಸೆ ಇಷ್ಟೇ ಗಟ್ಟಿಯಾಗಿದ್ದರೆ ಹೆಗ್ಗೋಡಿನ ನೀನಾಸಂನಲ್ಲಿ ರಂಗಶಿಕ್ಷಣದ ಕೋರ್ಸ್ ಇದೆ, ಆಗ ಅದರ ಬಗ್ಗೆ ಬೇರೆಯಾಗಿ ಮಾತಾಡೋಣ.

ಯಾವ ಕೆಲಸಕ್ಕೇ ಆಗಲಿ, ಆ ತಂಡಕ್ಕೆ ಹೂಂ ಅನ್ನುವ ಮುಂಚೆ ಒಂದು ಸಂಜೆ ರೂಮ್‌ಮೇಟ್‌ನ ಕರೆದುಕೊಂಡು ಹೋಗಿ ತಾಲೀಮು ನೋಡಿ ಬನ್ನಿ. ಎಷ್ಟು ಜನ ಹೆಣ್ಣುಮಕ್ಕಳಿದ್ದಾರೆ, ರಾತ್ರಿ ಅವರನ್ನು ಯಾರು ಬಿಟ್ಟು ಬರುತ್ತಾರೆ, ಪ್ರದರ್ಶನದ ದಿನ ಗೊತ್ತಾಗಿದೆಯಾ, ಕೈಯಿಂದ ದುಡ್ಡು ಹಾಕಬೇಕಾ ಅಂತ ನೇರವಾಗಿ ಕೇಳಿ. ಒಳ್ಳೆಯ ತಂಡ ಈ ಪ್ರಶ್ನೆಗಳಿಗೆ ಬೇಜಾರು ಮಾಡಿಕೊಳ್ಳಲ್ಲ. ಇಷ್ಟೆಲ್ಲ ಯಾಕೆ ಕೇಳ್ತೀಯ ಅಂತ ಗದರಿದರೆ ಅಲ್ಲಿಂದ ಎದ್ದು ಬನ್ನಿ, ಮೈಸೂರಿನಲ್ಲಿ ತಂಡಗಳಿಗೆ ಬರವಿಲ್ಲ. ಸಿ2 ಯಾವತ್ತು ಅಂತ ಈಗಲೇ ನೋಡಿ, ಅವರ ಪ್ರದರ್ಶನದ ದಿನವನ್ನೂ ಅದರ ಪಕ್ಕದಲ್ಲೇ ಬರೆದುಕೊಂಡು, ಈ ವಾರದೊಳಗೆ ಅವರಿಗೆ ಉತ್ತರ ಹೇಳಿಬಿಡಿ. ನಿಮ್ಮ ಉತ್ತರಕ್ಕಾಗಿ ಅವರು ಆ ಪಾತ್ರವನ್ನು ಖಾಲಿ ಇಟ್ಟುಕೊಂಡು ಕಾಯುತ್ತಿರಬಹುದು.